ಅನಂತರಾಮು ಆರಿಸಿದ ಹೊಳೆ

ಅನಂತರಾಮು ಹುಟ್ಟಿದಾಗಿನಿಂದ ಮೀನು ತಿಂದವರಲ್ಲ, ಹಿಡಿದವರಲ್ಲ, ಮೀನಿನ ಅಂಗಡಿಯ ಮುಂದೆ ಹಾದುಹೋಗುವಾಗ ಉಸಿರು ಬಿಟ್ಟವರೂ ಅಲ್ಲ. ಅಂಥವರಿಗೆ ಕುವೈತಿನ ಅಹ್ಮದಿ ಪಟ್ಟಣದಲ್ಲಿದ್ದ ತಮ್ಮ ಆಫೀಸಿನಲ್ಲಿ ‘ದೊಡ್ಡ ಮೀನುಗಾರ’ ಎಂಬ ಹೆಸರು ಬಂದದ್ದು ಒಂದು ಹಲ್ಲುನೋವಿನಿಂದ.

ಆ ಬೆಳಿಗ್ಗೆ ಅವರು ತಾವಿದ್ದ ಖೈತಾನ್ ಬಡಾವಣೆಯ ದಂತವೈದ್ಯರ ಬಳಿ ದವಡೆಗೆ ಸೂಜಿ ಚುಚ್ಚಿಸಿಕೊಂಡು ನೇರವಾಗಿ ಆಫೀಸಿಗೆ ಬಂದಿದ್ದರು. ಅಲ್ಲಿ ಹೊಸ ಮುಖ್ಯಸ್ಥ ಅಬು ನಾಸರ್ ಎಲ್ಲರ ಪರಿಚಯ ಮಾಡಿಕೊಳ್ಳುತ್ತಿದ್ದರು. ಕಂಪನಿ ವಯಸ್ಸಾದ ಪರದೇಶಿಗಳನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದ ಕಾಲ. ಐವತ್ತು ದಾಟಿದವರೆಲ್ಲ ಆ ಹಾಲಿನಲ್ಲಿ ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಕುಳಿತಿದ್ದರು. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಅಬು ನಾಸರ್ ಕೇಳಿದರೆ ಒಬ್ಬರು ಜಿಮ್ ಎಂದರು, ಮತ್ತೊಬ್ಬರು ಮ್ಯಾರಥಾನ್ ಎಂದರು. ಮ್ಯಾರಥಾನ್ ಎಂದವರು ಲಿಫ್ಟ್ ಕೆಟ್ಟ ದಿನ ರಜೆ ಹಾಕುತ್ತಿದ್ದವರು.

ಅನಂತರಾಮು ಬಿಡುವಿನಲ್ಲಿ ಮಲಗುತ್ತಿದ್ದರು. ಅದನ್ನು ಹೇಳುವಂತಿರಲಿಲ್ಲ. ದಂತವೈದ್ಯರ ಟಿವಿಯಲ್ಲಿ ಬಿಳಿಯನೊಬ್ಬ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಚಾಟಿಯಂತೆ ದಾರ ಬೀಸುತ್ತಿದ್ದುದು ನೆನಪಿಗೆ ಬಂತು.

“ಫ್ಲೈ ಫಿಶಿಂಗ್, ಸಾರ್,” ಎಂದರು.

ಅಬು ನಾಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಅಮೆರಿಕದ ಗುಡ್ಡಗಾಡಿನಲ್ಲಿ ಓದಿದವರು. ಓದಿಗಿಂತ ಹೆಚ್ಚಾಗಿ ಅಲ್ಲಿನ ತೊರೆಗಳಲ್ಲಿ ಮೀನು ಹಿಡಿದವರು. “ವಲ್ಲಾ! ಈ ಮರಳುಗಾಡಿನಲ್ಲಿ ನನಗೊಬ್ಬ ಜೊತೆಗಾರ! ಟ್ರೌಟ್ ಮೀನು ಹಿಡಿಯುತ್ತೀಯಾ?”

ಅನಂತರಾಮು ತಲೆಯಾಡಿಸಿದರು. ನಮ್ಮವರ ತಲೆಯಾಟದಲ್ಲಿ ಹೌದು, ಇಲ್ಲ, ನೋಡೋಣ ಮೂರೂ ಇರುತ್ತವೆ. ಕೇಳಿದವರು ಬೇಕಾದ್ದನ್ನು ಆರಿಸಿಕೊಳ್ಳಬಹುದು. ಅಬು ನಾಸರ್ ಹೌದನ್ನು ಆರಿಸಿಕೊಂಡರು. ದವಡೆ ಮರಗಟ್ಟಿದ್ದರಿಂದ ಅನಂತರಾಮು ಮುಂದಕ್ಕೆ ಮಾತಾಡಲಿಲ್ಲ. ಅದನ್ನು ಅಬು ನಾಸರ್ ವಿನಯವೆಂದು ತಿಳಿದರು.

ಬೇಸಿಗೆ ಕಳೆಯುವ ಹೊತ್ತಿಗೆ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ ಕಂಪನಿಗೆ ತಯಾರಾಗುತ್ತಿದ್ದ ಪಂಪುಗಳನ್ನು ಪರೀಕ್ಷಿಸಿ ಬರುವ ಕೆಲಸ ಬಿತ್ತು. ಪಂಪು ಬಲ್ಲ ಹುಡುಗರು ಎಷ್ಟೋ ಮಂದಿ ಇದ್ದರು. ಅಬು ನಾಸರ್ ಅನಂತರಾಮುವನ್ನು ಕರೆದರು. “ನಾವಿಬ್ಬರೇ ಹೋಗೋಣ. ಕೆಲಸ ಮುಗಿದ ಮೇಲೆ ಒಂದು ದಿನ ಬಿಡುವು. ಆ ಕಡೆ ಟ್ರೌಟ್ ಇರುವ ಹೊಳೆ ಬೇಕಾದಷ್ಟಿವೆ. ಯಾವುದೆಂದು ನೀನೇ ಆರಿಸು.”

*

“ನಿಮಗೇನಾದರೂ ತಲೆ ನೆಟ್ಟಗಿದೆಯೇನ್ರೀ?” ಎಂದರು ನಾಗಮಣಿ. ಖೈತಾನಿನ ಮೂರನೆಯ ಮಹಡಿಯ ಮನೆಯಲ್ಲಿ ಎ.ಸಿ.ಯ ಸದ್ದನ್ನೂ ಮೀರಿ ಆ ಮಾತು ಪಕ್ಕದ ಮನೆಗೆ ಕೇಳಿಸಿತು.

“ಡಿಸೆಂಬರಿಗೆ ಇಲ್ಲಿರೋ ಇಕಾಮಾ ಪರ್ಮಿಟ್ಟು ಮುಗಿಯುತ್ತೆ,” ಎಂದರು ಅನಂತರಾಮು. “ರಿನ್ಯೂ ಮಾಡಿಸೋದು ಅಬು ನಾಸರ್ ಕೈಲಿದೆ. ಮಾಡದೇ ಹೋದ್ರೆ ಪಾವನಾ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಎಲ್ಲಿ ಬರೀತಾಳೆ? ಏರ್‌ಪೋರ್ಟಲ್ಲಾ?”

ಪಾವನಾ ಪುಸ್ತಕದಿಂದ ತಲೆಯೆತ್ತದೆ, “ಅಪ್ಪಾ, ಯೂ ಆರ್ ಎ ವೆಜಿಟೇರಿಯನ್,” ಎಂದಳು.

“ಹಿಡಿಯೋದಷ್ಟೇ ಕಣೇ. ತಿನ್ನಲ್ಲ. ಹಿಡಿದು ವಾಪಸ್ ಬಿಡ್ತಾರಂತೆ.”

“ದೆನ್ ವೈ ಕ್ಯಾಚ್?”

ಈ ಪ್ರಶ್ನೆಗೆ ಆ ಕಲೆಯ ಘಟಾನುಘಟಿಗಳೇ ಉತ್ತರ ಕೊಟ್ಟಿಲ್ಲ. ಅನಂತರಾಮು ಎಲ್ಲಿಂದ ಕೊಟ್ಟಾರು? ಅಷ್ಟರಲ್ಲಿ ನಾಗಮಣಿ ಗೋಡೆಯ ಪಂಚಾಂಗ ತಿರುವಿ, ತಲೆಯ ಮೇಲೆ ಕೈಹೊತ್ತು ಕುಳಿತರು.

“ನೀವು ಮೀನು ಹಿಡಿಯೋ ದಿನ ಯಾವುದು ಗೊತ್ತಾ? ಮಾವನವರ ಪಕ್ಷ.”

ಪಿತೃಪಕ್ಷದಲ್ಲಿ ತಂದೆಯ ತಿಥಿಯ ದಿನ ಅನಂತರಾಮು ತರ್ಪಣ ತಪ್ಪಿಸಿದವರಲ್ಲ. ಹೊಳೆಯೇ ಇಲ್ಲದ ಈ ನಾಡಿನಲ್ಲಿ ಅವರ ತಂದೆ ವರ್ಷ ವರ್ಷವೂ ಬಚ್ಚಲಿನ ನಲ್ಲಿಯ ನೀರಿಗೇ ತೃಪ್ತರಾಗುತ್ತಿದ್ದರು. ಕುವೈತಿನ ಸೆಪ್ಟೆಂಬರಿನಲ್ಲಿ ಅದು ಬಿಸಿನೀರೇ.

“ಹೋಗೋದೇ ಹೊಳೆಗೆ ಅಂದಮೇಲೆ ಅಲ್ಲೇ ಮುಗಿಸಿ. ಮೊದಲು ತರ್ಪಣ, ಆಮೇಲೆ ನಿಮ್ಮ ಮೀನು,” ಎಂದು ನಾಗಮಣಿ ತೀರ್ಪು ಕೊಟ್ಟರು.

ಪಕ್ಕದ ಮನೆಯ ಕ್ಲೆಮೆಂಟ್ ಆಗಲೇ ಬಾಗಿಲಲ್ಲಿ ನಿಂತಿದ್ದರು. ಮಂಗಳೂರಿನವರು, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. ಶುಕ್ರವಾರ ಬಂದರೆ ಗಾಳ ಹೊತ್ತುಕೊಂಡು ಸಮುದ್ರದ ಕಡೆಗೆ ಹೋಗುವವರು.

“ನಾನು ಕೇಳಿದ್ದು ಸರಿಯಾ ಅನಂತಣ್ಣ? ನೊಣ ಹಾಕಿ ಮೀನು ಹಿಡಿಯುದಾ?”

“ನಿಜವಾದ ನೊಣ ಅಲ್ಲ. ಗರಿ, ನೂಲು ಕಟ್ಟಿ ಮಾಡಿದ ನೊಣ.”

“ಎಂತ ಮಾರಾಯ್ರೆ! ಇಲ್ಲಿ ಫಸ್ಟ್‌ಕ್ಲಾಸ್ ಸಿಗಡಿ ಹಾಕಿದ್ರೇ ಒಂದು ಮೀನು ತಿರುಗಿ ನೋಡುದಿಲ್ಲ. ಅಲ್ಲಿಯ ಮೀನುಗಳಿಗೆ ಬುದ್ಧಿ ಇಲ್ವಾ?” ಎಂದವರು ತಕ್ಷಣ ಗುರುಸ್ಥಾನವನ್ನು ವಹಿಸಿಕೊಂಡರು. “ಶುಕ್ರವಾರ ಹಿಂದಿನ ಗ್ರೌಂಡಿಗೆ ಬನ್ನಿ. ಬೀಸ್ಲಿಕ್ಕೆ ನಾನು ಹೇಳಿಕೊಡ್ತೇನೆ.”

ಹಿಂದಿನ ಗ್ರೌಂಡ್ ಎಂದರೆ ಕಟ್ಟಡದ ಹಿಂದಿನ ಮರಳು ಬಯಲು. ಶುಕ್ರವಾರ ಸಂಜೆ, ಬಿಸಿಲು ಇಳಿಯುವ ಹೊತ್ತಿನಲ್ಲಿ, ಅನಂತರಾಮು ಕ್ಲೆಮೆಂಟರ ಗಾಳದ ಕೋಲು ಹಿಡಿದು, ದಾರದ ತುದಿಗೆ ಕೊಕ್ಕೆಯ ಬದಲು ನಾಗಮಣಿಯವರ ದೀಪದ ಬತ್ತಿಯ ಹತ್ತಿಯನ್ನು ಕಟ್ಟಿ ಬೀಸತೊಡಗಿದರು. ಮೊದಲ ಬೀಸಿಗೆ ಹತ್ತಿ ತಮ್ಮದೇ ಕನ್ನಡಕಕ್ಕೆ ಸಿಕ್ಕಿತು. ಎರಡನೆಯದು ಕ್ಲೆಮೆಂಟರ ಕಿವಿಗೆ. ಮುಂದಿನದು ನೆಲಮಹಡಿಯ ಕಿಟಕಿಯಲ್ಲಿ ಒಣಗಲು ಹಾಕಿದ್ದ ಯಾರದೋ ಬನಿಯನ್ನನ್ನು ಹಿಡಿದು ತಂದಿತು.

“ಗುಡ್! ಸೈಜ್ ಉಂಟು!” ಎಂದರು ಕ್ಲೆಮೆಂಟ್.

ಆಗ ಪೊಲೀಸ್ ಕಾರು ಬಂದು ನಿಂತಿತು. ಇಳಿದ ತರುಣ ಪೊಲೀಸ್ ಗಾಳ ನೋಡಿದ, ಮರಳು ನೋಡಿದ, ಕಣ್ಣಿಗೆ ಕಾಣುವಷ್ಟು ದೂರ ನೋಡಿದ.

“ಶಿನೂ ಹಾದಾ?” ಇದೇನು ಎಂದು ಅವನ ಪ್ರಶ್ನೆ.

“ಫಿಶಿಂಗ್, ಸಾರ್. ಸಮಕ್,” ಎಂದರು ಅನಂತರಾಮು. ಸಮಕ್ ಎಂದರೆ ಮೀನು. ಅಷ್ಟು ಅರಬ್ಬಿ ಅವರಿಗೆ ಬರುತ್ತಿತ್ತು. ಇನ್ನಷ್ಟು ಬಾರದೆ ಹೋದದ್ದೇ ದುರದೃಷ್ಟ.

“ಸಮಕ್ ಎಲ್ಲಿ?”

“ಇಲ್ಲಿ ಇಲ್ಲ, ಸಾರ್. ಸ್ಕಾಟ್‌ಲೆಂಡಿನಲ್ಲಿದೆ.”

ಪೊಲೀಸ್ ಇಬ್ಬರ ಬತಾಕಾಗಳನ್ನೂ ಕೇಳಿ ಪಡೆದು, ಗುರುತಿನ ಚೀಟಿಯ ಫೋಟೊ ನೋಡಿ, ಮುಖ ನೋಡಿ, ಮತ್ತೆ ಮರಳು ನೋಡಿದ. ಆಮೇಲೆ ಕ್ಲೆಮೆಂಟರನ್ನು ಪಕ್ಕಕ್ಕೆ ಕರೆದು, “ಇವನಿಗೆ ಮನೆಯಲ್ಲಿ ಜನ ಇದ್ದಾರಾ?” ಎಂದು ಮೆಲ್ಲಗೆ ಕೇಳಿದ. ಇದ್ದಾರೆ ಎಂದು ತಿಳಿದ ಮೇಲೆ, ಅನಂತರಾಮುವಿನ ಕೈಗೆ ತನ್ನ ಕಾರಿನಿಂದ ಒಂದು ತಣ್ಣನೆಯ ನೀರಿನ ಬಾಟಲಿ ತಂದು ಕೊಟ್ಟು, ಬೆನ್ನು ತಟ್ಟಿ ಹೋದ. ಬೈದಿದ್ದರೆ ಅವರಿಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ಯಾವುದೋ ಬಾಲ್ಕನಿಯಿಂದ ಯಾರೋ ಇದನ್ನೆಲ್ಲ ವಿಡಿಯೊ ಮಾಡಿದ್ದರು. ಮಾರನೆಯ ದಿನದೊಳಗೆ ಅದು ಕುವೈತಿನ ಕನ್ನಡಿಗರ ಫೋನುಗಳನ್ನೆಲ್ಲ ಸುತ್ತಿ, ಜೊತೆಗೊಂದು ಸುದ್ದಿಯನ್ನೂ ಅಂಟಿಸಿಕೊಂಡಿತು: ಅನಂತರಾಮುಗೆ ಕೆಲಸ ಹೋಯಿತಂತೆ, ಪಾಪ, ಆ ಆಘಾತಕ್ಕೆ ಮರಳಿನಲ್ಲಿ ಮೀನು ಹಿಡಿಯುತ್ತಿದ್ದಾರಂತೆ.

ಜನ ಸಾಂತ್ವನ ಹೇಳಲು ಬರತೊಡಗಿದರು. ಕ್ಲೆಮೆಂಟರ ಹೆಂಡತಿ ಲಿಜ್ಜಿ, ನರ್ಸ್, ಮೊಟ್ಟೆ ಹಾಕದ ಕೇಕು ತಂದು ಕೊಟ್ಟು, ಹೋಗುವ ಮುಂಚೆ ಅನಂತರಾಮುವಿನ ನಾಡಿ ಹಿಡಿದು ನೋಡಿದರು. ಎಗೈಲಾ ಬಡಾವಣೆಯಿಂದ ಬಂದ ದಂಪತಿ ಸೋಫಾದಲ್ಲಿ ಕುಳಿತು, “ಇಲ್ಲಿ ಯಾರು ಶಾಶ್ವತ ಹೇಳಿ,” ಎಂದು ಒಂದು ಗಂಟೆ ನಿಟ್ಟುಸಿರು ಬಿಟ್ಟು, ಎದ್ದು ಹೋಗುವಾಗ ಆ ಸೋಫಾ ಮಾರುವುದಿದ್ದರೆ ತಮಗೇ ಹೇಳಬೇಕೆಂದು ಕೇಳಿಕೊಂಡರು. ಮೈಸೂರಿನಿಂದ ನಾಗಮಣಿಯ ತಮ್ಮ ಫೋನು ಮಾಡಿದ.

“ಅಕ್ಕಾ, ಭಾವನ್ನ ಒಂದು ಸಲ ಡಾಕ್ಟ್ರಿಗೆ ತೋರಿಸು.”

“ಅವರಿಗೇನೂ ಆಗಿಲ್ಲ ಕಣೋ. ಸ್ಕಾಟ್‌ಲೆಂಡಿಗೆ ಹೋಗಿ ಮಾವನವರ ಪಕ್ಷ ಮಾಡಿ ಟ್ರೌಟ್ ಹಿಡಿದು ವಾಪಸ್ ಬಿಡ್ತಾರೆ.”

“ನೀನೂ ತೋರಿಸ್ಕೊ,” ಎಂದು ಅವನು ಫೋನಿಟ್ಟ.

*

ಇನ್ನು ಹೊಳೆಯ ಆಯ್ಕೆ. ಒಂದು ರಾತ್ರಿಯೂಟದ ನಂತರ ಎರಡೂ ಮನೆಯವರು ಊಟದ ಮೇಜಿನ ಸುತ್ತ ಕುಳಿತರು. ಪಾವನಾ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆಗೆದು, ಬೇಸರದಿಂದ ಹೆಸರುಗಳನ್ನು ಓದಿದಳು.

“ಡಾನ್. ಫೇಮಸ್ ಫಾರ್ ಬ್ರೌನ್ ಟ್ರೌಟ್. ವೆರಿ ನಿಯರ್ ಅಬರ್ಡೀನ್.”

“ಹತ್ತಿರ ಉಂಟಲ್ಲ, ಅದೇ ಮಾಡಿ,” ಎಂದರು ಕ್ಲೆಮೆಂಟ್.

“ಡಾನ್ ಅಂದ್ರೆ ಗೂಂಡಾ ಅಲ್ವೇನ್ರೀ?” ನಾಗಮಣಿ ಕೇಳಿದರು. “ಮಾವನವರು ಜನ್ಮದಲ್ಲಿ ಯಾರಿಗೂ ಗದರಿದವರಲ್ಲ. ಅವರಿಗೆ ಗೂಂಡಾ ಹೊಳೇಲಿ ಎಳ್ಳುನೀರಾ? ಬೇಡ.”

“ಯೈಥನ್.”

“ಸಂಕಲ್ಪದಲ್ಲಿ ಹೇಳೋಕೆ ಬಾಯಿ ತಿರುಗಲ್ಲ.”

“ಡೆವೆರಾನ್. ಒನ್ ಅವರ್ ಡ್ರೈವ್. ಫ್ಲೋಸ್ ನಾರ್ತ್.”

ನಾಗಮಣಿಯ ಮುಖ ಅರಳಿತು. “ಉತ್ತರಕ್ಕೆ ಹರಿಯುತ್ತಾ? ಕಾಶೀಲಿ ಗಂಗೆ ಹರಿಯೋದು ಹಾಗೇ. ಉತ್ತರವಾಹಿನಿ! ಹೆಸರಲ್ಲೂ ‘ದೇವರು’ ಇದೆ ನೋಡಿ. ಇನ್ನೇನು ಬೇಕು?”

“ಮೀನು ಉಂಟಾ ನೋಡಿ ಮೊದಲು,” ಎಂದರು ಕ್ಲೆಮೆಂಟ್. ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ಜಗತ್ತಿನಲ್ಲಿ ಟ್ರೌಟ್ ಹೊಳೆಯನ್ನು ಈ ನ್ಯಾಯದಿಂದ ಆರಿಸಿದವರು ಇನ್ನೊಬ್ಬರಿದ್ದರೆ ಅವರ ಮಾಹಿತಿ ನಮಗಿಲ್ಲ.

ಮರುದಿನ ಅನಂತರಾಮು ಡೆವೆರಾನ್ ಎಂದಾಗ ಅಬು ನಾಸರ್ ಕಣ್ಣುಮುಚ್ಚಿ ತಲೆದೂಗಿದರು. “ನನಗೆ ಗೊತ್ತಿತ್ತು. ಅರಿಯದವನು ಹೆಸರು ಕೇಳಿ ದೊಡ್ಡ ಹೊಳೆಗೆ ಓಡುತ್ತಾನೆ. ಬಲ್ಲವನು ಮಾತ್ರ ಇದನ್ನು ಆರಿಸುತ್ತಾನೆ.”

*

ಅಬರ್ಡೀನಿನಲ್ಲಿ ಪಂಪುಗಳು ಸರಿಯಾಗಿ ಓಡಿದವು. ಈ ಕಥೆಯಲ್ಲಿ ಸರಿಯಾಗಿ ನಡೆದದ್ದು ಅದೊಂದೇ.

ಪಕ್ಷದ ದಿನ ಬೆಳಿಗ್ಗೆ ಅನಂತರಾಮು ಹೋಟೆಲ್ ಕೋಣೆಯಲ್ಲಿ ನಾಗಮಣಿ ಕಳಿಸಿದ್ದ ಪುಟ್ಟ ಕುಕ್ಕರಿನಲ್ಲಿ ಅನ್ನ ಮಾಡಿ, ಡಬ್ಬಿಗೆ ತುಂಬಿಕೊಂಡು, ಕಪ್ಪೆಳ್ಳಿನ ಪೊಟ್ಟಣವನ್ನು ಕೋಟಿನ ಜೇಬಿಗಿಳಿಸಿದರು. ತಿಂಡಿಗೆ ಕರೆದರೆ ಬೇಡವೆಂದರು.

“ಸಾಯಿಮ್?” ಉಪವಾಸವೇ ಎಂದು ಅಬು ನಾಸರ್ ಕೇಳಿದರು.

“ಹೌದು, ಸಾರ್.”

“ಮೀನು ಸಿಗುವ ತನಕ ತಿನ್ನುವುದಿಲ್ಲವಾ? ಮಾಶಾ ಅಲ್ಲಾ,” ಎಂದು ಅವರೂ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಡೆವೆರಾನ್ ಬೂದುಬಣ್ಣದ ಆಕಾಶದ ಕೆಳಗೆ ಬೂದುಬಣ್ಣವಾಗಿಯೇ ಹರಿಯುತ್ತಿತ್ತು. ಮಳೆ ಬರುತ್ತಿದೆಯೋ ಇಲ್ಲವೋ ಹೇಳಲಾಗದಂಥ ತುಂತುರು. ಬಾಡಿಗೆಗೆ ತಂದ ರಬ್ಬರ್ ಶರಾಯಿ ಎದೆಯ ತನಕ ಏರಿ, ಅನಂತರಾಮು ಆನೆಯ ಕಾಲಿನಲ್ಲಿ ಸಿಕ್ಕಿಕೊಂಡವರಂತೆ ಕಾಣುತ್ತಿದ್ದರು. ಅಬು ನಾಸರ್ ಕೆಳಗಿನ ತಿರುವಿಗೆ ಹೋದರು. “ಮೇಲಿನ ಮಡು ನಿನಗೆ. ಹಿರಿಯ ನೀನು.”

ಅವರು ಮರೆಯಾದದ್ದೇ ತಡ, ಅನಂತರಾಮು ಗಾಳದ ಕೋಲನ್ನು ದಡದ ಹುಲ್ಲಿನಲ್ಲಿ ಮಲಗಿಸಿ, ಮೊಣಕಾಲುದ್ದದ ನೀರಿಗಿಳಿದು, ದಕ್ಷಿಣಕ್ಕೆ ಮುಖ ಮಾಡಿ ನಿಂತರು. ಕೋಟು, ಸ್ವೆಟರು, ಅಂಗಿ, ಬನಿಯನ್ನು ಇಷ್ಟರೊಳಗಿನಿಂದ ಜನಿವಾರವನ್ನು ಹುಡುಕಿ ಹೊರಗೆಳೆದು ಬಲಭುಜಕ್ಕೆ ಬದಲಿಸುವುದರಲ್ಲಿ ಕೈ ಮರಗಟ್ಟಿತು. ಎಳ್ಳುನೀರು ಬಿಟ್ಟರು. ತಂದೆಯ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಹೇಳಿದರು. ಮೂವರೂ ಇಷ್ಟು ಉತ್ತರಕ್ಕೆ ಎಂದೂ ಬಂದವರಲ್ಲ. ಕೊನೆಗೆ ಅನ್ನದ ಉಂಡೆಯನ್ನು ನೀರಿಗೆ ಬಿಟ್ಟರು.

ನೀರು ಕುದಿದಂತಾಯಿತು. ಎಲ್ಲಿದ್ದವೋ ಏನೋ, ಚುಕ್ಕೆ ಮೈಯ ಟ್ರೌಟುಗಳು ಮೇಲಿನಿಂದ, ಕೆಳಗಿನಿಂದ, ಕಲ್ಲಿನಡಿಯಿಂದ ನುಗ್ಗಿ ಬಂದು ಉಂಡೆಯನ್ನು ಹರಿದು ನುಂಗತೊಡಗಿದವು. ಒಂದು ಅವರ ಮೊಣಕಾಲಿಗೆ ಡಿಕ್ಕಿ ಹೊಡೆಯಿತು. ಅನಂತರಾಮು ಕೈಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೇ ಇದ್ದರು. ಬಚ್ಚಲ ನಲ್ಲಿಯಡಿ ಇಷ್ಟು ವರ್ಷ ಕೇಳದ ಉತ್ತರ ಇವತ್ತು ಬಂದಿತ್ತು.

“ಏಯ್! ನೀವು! ಏನದು ನೀರಿಗೆ ಹಾಕಿದ್ದು?”

ದಡದ ಮೇಲೆ ಹೊಳೆಯ ಕಾವಲಿನವನು, ಹಸಿರು ಕೋಟಿನ ಕೆಂಪು ಮುಖದ ಮುದುಕ, ನಿಂತಿದ್ದ. ಆ ಕೂಗಿಗೆ ಅಬು ನಾಸರ್ ಕೂಡ ಓಡಿಬಂದರು.

“ಅನ್ನ,” ಎಂದರು ಅನಂತರಾಮು.

“ಇಲ್ಲಿ ಗಾಳದ ನೊಣ ಬಿಟ್ಟು ಬೇರೇನೂ ಹಾಕುವಂತಿಲ್ಲ. ಆಹಾರ ಚೆಲ್ಲಿ ಮೀನು ಸೇರಿಸುವುದು ಮೋಸ. ಬೋರ್ಡು ಕಾಣಲಿಲ್ಲವೇ? ಮತ್ತೆ ಹೆಗಲ ಮೇಲಿನ ಆ ದಾರ ಯಾವ ತರಹದ್ದು? ಅದಕ್ಕೆ ಎಷ್ಟು ಕೊಕ್ಕೆ ಇವೆ?”

“ಇದು ಮೀನಿಗಲ್ಲ, ಸಾರ್. ನಮ್ಮ ತಂದೆಗೆ.”

“ತಂದೆ ಎಲ್ಲಿದ್ದಾರೆ?” ಎಂದು ಮುದುಕ ಮರಗಳ ಹಿಂದೆಲ್ಲ ನೋಡಿದ.

ಅನಂತರಾಮು ಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು. ತಂದೆ ತೀರಿಕೊಂಡಿದ್ದಾರೆ, ಇವತ್ತು ಅವರ ದಿನ, ಅನ್ನ ಅವರಿಗೆ. ಮುದುಕ ಟೋಪಿ ತೆಗೆದು ಎದೆಗೊತ್ತಿಕೊಂಡ.

“ಕ್ಷಮಿಸಬೇಕು. ಯಾವಾಗ ಹೋದರು?”

“ತುಂಬಾ ವರ್ಷವಾಯಿತು.”

ಮುದುಕ ಟೋಪಿಯನ್ನು ಮತ್ತೆ ಹಾಕಿಕೊಂಡ. “ಹಾಗಾದರೆ ನಿಯಮ ನಿಯಮವೇ. ಇಬ್ಬರೂ ಗಾಳ ಸುತ್ತಿಕೊಳ್ಳಿ. ಇವತ್ತಿಗೆ ನಿಮ್ಮ ಪರವಾನಗಿ ಮುಗಿಯಿತು.”

*

ಕಾರಿನ ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು. ಅಬು ನಾಸರ್ ಸ್ಟೇರಿಂಗ್ ಹಿಡಿದು ಕುಳಿತಿದ್ದರೇ ಹೊರತು ಗಾಡಿ ಚಾಲೂ ಮಾಡಲಿಲ್ಲ. ವರ್ಷಗಳಿಂದ ಕಾದಿದ್ದ ಒಂದೇ ದಿನ, ಒಂದು ಮೀನೂ ಮುಟ್ಟದೆ ಮುಗಿದಿತ್ತು. ಅನಂತರಾಮು ಒದ್ದೆ ಶರಾಯಿಯಲ್ಲೇ ಮುದುಡಿ ಕುಳಿತು ಬೈಗುಳಕ್ಕೆ ಕಾದರು.

“ನಿನ್ನ ತಂದೆಗೆ ಮೀನೆಂದರೆ ಇಷ್ಟವಿತ್ತಾ?”

“ಇಲ್ಲ, ಸಾರ್. ನಾವು ಸಸ್ಯಾಹಾರಿಗಳು.”

ಅಬು ನಾಸರ್ ಅವರತ್ತ ತಿರುಗಿ ನೋಡಿದರು. ನಕ್ಕರು. ಆ ನಗು ಅರ್ಧದಲ್ಲೇ ನಿಂತುಹೋಯಿತು.

“ನನ್ನ ತಂದೆ ಕಳೆದ ಚಳಿಗಾಲದಲ್ಲಿ ಹೋದರು. ನಾನು ಮೀಟಿಂಗಿನಲ್ಲಿದ್ದೆ. ಫೋನು ಸೈಲೆಂಟಿನಲ್ಲಿತ್ತು.” ಅವರು ಗಾಜಿನ ಒಳಮೈಯ ಮಂಜನ್ನು ಅಂಗೈಯಿಂದ ಒರೆಸಿದರು. “ಅನಂತ, ನಿನ್ನನ್ನು ಇಲ್ಲಿಗೆ ಕರೆತಂದದ್ದು ಒಂದು ಮಾತು ಹೇಳುವುದಕ್ಕೆ. ಒಂದು ಒಳ್ಳೆಯ ಮೀನು ಸಿಕ್ಕಿ, ನೀನು ಖುಷಿಯಲ್ಲಿರುವಾಗ ಹೇಳೋಣ ಅಂದುಕೊಂಡಿದ್ದೆ. ಡಿಸೆಂಬರಿಗೆ ನಿನ್ನ ಕೆಲಸ ಖಲಾಸ್. ನಾನು ಬರುವ ಮುಂಚೆಯೇ ಮೇಲಿನವರು ನಿರ್ಧರಿಸಿದ್ದರು.”

ಅನಂತರಾಮು ಬಹಳ ಯೋಚಿಸಿದರು.

“ಮೀನು ಸಿಗಲಿಲ್ಲವಲ್ಲ, ಸಾರ್,” ಎಂದರು.

ವಾದವೇನೋ ಸರಿಯಾಗಿತ್ತು. ಆದರೆ ಇಂಥ ವಾದಗಳನ್ನು ಎತ್ತಿಹಿಡಿಯುವ ನ್ಯಾಯಾಲಯ ಭೂಮಿಯ ಮೇಲೆ ಎಲ್ಲೂ ಇಲ್ಲ. ಅಬು ನಾಸರ್ ಕಣ್ಣೊರಸಿಕೊಂಡರು.

“ಮಗಳಿಗೆ ಹನ್ನೆರಡನೇ ಕ್ಲಾಸು,” ಅನಂತರಾಮು ಮುಂದುವರಿಸಿದರು. “ಪರೀಕ್ಷೆ ಮುಗಿಯೋದು ಏಪ್ರಿಲ್ ಹೊತ್ತಿಗೆ.”

“ಏಪ್ರಿಲ್,” ಎಂದರು ಅಬು ನಾಸರ್. ಗಾಜಿನಾಚೆ ಹೊಳೆ ಇರುವ ಕಡೆ ನೋಡಿದರು. “ಅಲ್ಲಿಯ ತನಕ ಎಳೆಯುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ. ಯಲ್ಲಾ, ಈಗಲಾದರೂ ಏನಾದರೂ ತಿನ್ನೋಣ.”

ದಾರಿಯ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಆಲೂಗಡ್ಡೆ ತಿಂದರು. ಅಬು ನಾಸರ್ ಮೀನು ತರಿಸಿಕೊಳ್ಳಲಿಲ್ಲ.

*

ಖೈತಾನಿನ ಮನೆಗೆ ಬಂದು ಸೇರಿದಾಗ ಕ್ಲೆಮೆಂಟ್ ಲಿಫ್ಟಿನ ಬಾಗಿಲಲ್ಲೇ ಕಾಯುತ್ತಿದ್ದರು, ಹಿಂದೆ ಲಿಜ್ಜಿ.

“ಎಷ್ಟು ಹಿಡಿದ್ರಿ ಅನಂತಣ್ಣ?”

“ಒಂದೂ ಇಲ್ಲ. ತುಂಬಾ ಬಂದಿದ್ದವು. ಊಟ ಮಾಡ್ಕೊಂಡು ಹೋದವು.”

ಕ್ಲೆಮೆಂಟ್ ಹೆಂಡತಿಯ ಮುಖ ನೋಡಿದರು. ಲಿಜ್ಜಿ ಮತ್ತೆ ನಾಡಿ ನೋಡಲು ಮುಂದೆ ಬಂದರು. ಅನಂತರಾಮುವಿನ ಮುಖ ಕಂಡು ಕೈ ಹಿಂದಕ್ಕೆಳೆದುಕೊಂಡರು.

ಪಾವನಾ ಒಳಕೋಣೆಯಲ್ಲಿ ಓದುತ್ತಿದ್ದಳು. ಅನಂತರಾಮು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು, ಮೊದಲು ಮೀನುಗಳ ವಿಷಯ ಹೇಳಿದರು. ಉಂಡೆ ಕೈಬಿಡುವ ಮುಂಚೆಯೇ ಬಂದವೆಂದು ಸ್ವಲ್ಪ ಸೇರಿಸಿಯೇ ಹೇಳಿದರು. ನಾಗಮಣಿ ಸೆರಗಿನಿಂದ ಕಣ್ಣೊತ್ತಿಕೊಂಡು, “ಮಾವನವರಿಗೆ ತಲುಪಿತು ಬಿಡಿ,” ಎಂದರು. ಆಮೇಲೆ ಅನಂತರಾಮು ಏಪ್ರಿಲಿನ ವಿಷಯ ಹೇಳಿದರು.

ನಾಗಮಣಿ ಒಲೆಯ ಮೇಲಿನ ಸಾರನ್ನು ಇಳಿಸಿದರು. ಸೌಟು ತೊಳೆದರು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು.

“ಅವಳಿಗೆ ಪರೀಕ್ಷೆ ಮುಗಿಯೋ ತನಕ ಹೇಳೋದು ಬೇಡ,” ಎಂದರು.

“ಹೂಂ.”

“ಹಾಗಾದ್ರೆ ಮುಂದಿನ ವರ್ಷದ ಪಕ್ಷ ಶ್ರೀರಂಗಪಟ್ಟಣದಲ್ಲೇ. ಕಾವೇರೀಲಿ.”

ಅನಂತರಾಮು ತಟ್ಟೆ ಹಾಕಿಕೊಂಡು ಕುಳಿತರು.

“ಡ್ಯಾಮಿಂದ ನೀರು ಬಿಟ್ಟಿದ್ರೆ,” ಎಂದರು.